ಹೆಬ್ಬೆಟ್ಟಿನ ಗೆರೆ

ಅಡಿಕೆ ಸುಗ್ಗಿ ಮುಗಿದ ಮೇಲೆ ಮಲೆನಾಡಿನ ಹೆಂಗಸರ ಕೈ ನೋಡಿದ್ದೀರಾ? ಚೊಗರಿನ ಕಪ್ಪು ಉಗುರಿನ ಸಂದಿಗೆಲ್ಲ ಇಳಿದಿರುತ್ತದೆ. ಹುಳಿ ಹಚ್ಚಿ ತಿಕ್ಕಿದರೂ ಸೋಪು ಹಾಕಿ ತಿಕ್ಕಿದರೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಕೇರಿಯ ಕೊನೆಮನೆ ಅಜ್ಜಿ ಐವತ್ತು ವರ್ಷ ಹಾಗೆ ಮೆಟ್ಟುಗತ್ತಿಯ ಮುಂದೆ ಕೂತವರು. ಮೊನ್ನೆ ಪಿಂಚಣಿ ದುಡ್ಡಿಗೆಂದು ಪೇಟೆಗೆ ಹೋಗಿ ಹೆಬ್ಬೆಟ್ಟು ಕೊಟ್ಟರೆ ಮಷಿನ್ನು ಒಪ್ಪಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಟ್ಟರು, ಆಗಲಿಲ್ಲ. ತಲೆಗೂದಲಿಗೆ ಉಜ್ಜಿ ಎಣ್ಣೆಪಸೆ ಮಾಡಿಕೊಂಡು ಕೊಟ್ಟರು, ಆಗಲಿಲ್ಲ. ಎಡಗೈ ಹೆಬ್ಬೆಟ್ಟೂ ಆಗಲಿಲ್ಲ. "ನಾಳೆ ಬಾ ಅಜ್ಜಿ" ಅಂದರಂತೆ. ನಮ್ಮೂರಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ನಾಳೆ ಬಾ ಎನ್ನುವ ಮಾತು ಎಪ್ಪತ್ತು ದಾಟಿದ ಮೊಣಕಾಲಿಗೆ ಎಷ್ಟು ದೂರದ್ದು ಹೇಳಿ! ಸಂಜೆ ನಮ್ಮ ಜಗಲಿಯಲ್ಲಿ ಕೂತು ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಎಂತ ಮಾಡದು ಮಾರಾಯ್ತಿ, ಗೆರೆ ಎಲ್ಲ ಅಡಕೆ ಸಿಪ್ಪೆ ಜೊತಿಗೇ ಹೋಯ್ತು."

ಆ ಮಾತು ಕೇಳಿದಾಗಿನಿಂದ ನನಗೆ ಮುಪ್ಪಿನದೇ ಯೋಚನೆ. ಮುಪ್ಪು ಶುರುವಾಗುವುದು ಯಾವಾಗ? ನಮ್ಮಲ್ಲಿ ಅರವತ್ತಕ್ಕೆ ಷಷ್ಟ್ಯಬ್ದಿ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರ ಒಂದು ಸುತ್ತು ಬಂದು, ಹುಟ್ಟಿದ ಸಂವತ್ಸರವೇ ಮತ್ತೆ ಎದುರಾಗುತ್ತದೆ. ಜಪಾನಿನಲ್ಲೂ ಇಂಥದೇ ಒಂದು ಆಚರಣೆ ಇದೆ ಅಂತ ಓದಿದಾಗ ಖುಷಿಯಾಗಿತ್ತು. ಚೀನಾದಿಂದ ಅಲ್ಲಿಗೆ ಹೋದ ಪಂಚಾಂಗಕ್ಕೂ ಅರವತ್ತು ವರ್ಷದ ಸುತ್ತು. ಅದು ಮುಗಿಸಿದವರಿಗೆ ಕೆಂಪು ಟೋಪಿ ಇಟ್ಟು ಕೆಂಪು ತೋಳಿಲ್ಲದ ಅಂಗಿ ತೊಡಿಸುತ್ತಾರೆ, ಮತ್ತೆ ಮಗುವಾದರು ಅಂತ. ಕನ್ರೆಕಿ ಎಂದು ಅದರ ಹೆಸರು. ಮಗುವಾದವರನ್ನು ಎತ್ತಿಕೊಳ್ಳುವವರು ಯಾರು ಎನ್ನುವ ಪ್ರಶ್ನೆ ಅಲ್ಲೂ ಇದೆ, ಇಲ್ಲೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಸರ್ಕಾರಗಳ ಲೆಕ್ಕ ಬೇರೆ. ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲಿ ಮುಪ್ಪಿನ ಪಿಂಚಣಿಯ ಕಾನೂನು ತಂದಾಗ ವಯಸ್ಸು ಎಪ್ಪತ್ತು ಅಂತ ಇಟ್ಟ. ಅದು ಅರವತ್ತೈದಕ್ಕೆ ಇಳಿದದ್ದು 1916ರಲ್ಲಿ. ಈಗ ಜನ ಹೆಚ್ಚು ಕಾಲ ಬದುಕುತ್ತಾರೆ, ಹುಟ್ಟುವ ಮಕ್ಕಳು ಕಡಿಮೆ, ದುಡಿದು ಕಟ್ಟುವವರಿಗಿಂತ ಕೂತು ಪಡೆಯುವವರ ಸಾಲು ಬೆಳೆಯುತ್ತಿದೆ. ಹಾಗಾಗಿ ಡೆನ್ಮಾರ್ಕ್ 2040ರ ಹೊತ್ತಿಗೆ ಮತ್ತೆ ಎಪ್ಪತ್ತಕ್ಕೇ ಹೋಗಲು 2025ರಲ್ಲಿ ಕಾನೂನು ಮಾಡಿಕೊಂಡಿದೆ. ಲೆಕ್ಕಕ್ಕೆ ಅದು ಸರಿಯೇ ಇರಬಹುದು. ಆದರೆ ಕುರ್ಚಿಯಲ್ಲಿ ಕೂತು ದುಡಿದವರ ಎಪ್ಪತ್ತೂ ನೆಲದಲ್ಲಿ ಕೂತು ಸುಲಿದವರ ಎಪ್ಪತ್ತೂ ಒಂದೇ ಹೇಗಾಗುತ್ತದೆ? ಬೆರಳಿನ ಗೆರೆ ಸವೆಸಿಕೊಂಡವರಿಗೆ ಮುಪ್ಪು ಬೇಗ ಬರುತ್ತದೆ. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲ ಅಂತಲೇ ನನ್ನ ಮಾತು.

ಬ್ರಿಟನ್ನಿನವರು 1908ರಲ್ಲಿ ಕಾನೂನು ಮಾಡಿ, 1909ರ ಜನವರಿ 1ರಿಂದ ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಷಿಲಿಂಗ್ ಕೊಡತೊಡಗಿದರು. ಎಲ್ಲಿ ಕೊಟ್ಟರು ಗೊತ್ತೇ? ಊರೂರಿನ ಪೋಸ್ಟಾಫೀಸಿನಲ್ಲಿ! ಇದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮಲ್ಲೂ ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಪೋಸ್ಟಣ್ಣ ಸೈಕಲ್ಲನ್ನು ಬೇಲಿಗೆ ಒರಗಿಸಿ, ಜಗಲಿಯಲ್ಲಿ ಕೂತು, ನೋಟು ಎಣಿಸಿ ಕೈಗಿಡುತ್ತಿದ್ದ. ಒಂದು ಲೋಟ ಬೆಲ್ಲದ ಕಾಫಿ ಕುಡಿಯುವಷ್ಟು ಹೊತ್ತು ಮಂಡಿನೋವು ಹೇಗಿದೆ, ಮಗ ಫೋನು ಮಾಡಿದನಾ ಅಂತ ವಿಚಾರಿಸುತ್ತಿದ್ದ. ತಿಂಗಳಿಗೆ ಒಮ್ಮೆಯಾದರೂ ಒಬ್ಬರು ಬಂದು ಮುಖ ನೋಡಿ ಹೋಗುತ್ತಿದ್ದರಲ್ಲ, ಅದು ಯಾವ ಪಾಸ್‌ಬುಕ್ಕಿನಲ್ಲೂ ಜಮಾ ಆಗುವಂಥದ್ದಲ್ಲ.

ಜಪಾನಿನ ಮಾತು ಅರ್ಧಕ್ಕೇ ಬಿಟ್ಟೆ ಅಲ್ಲವೇ? ನೂರು ತುಂಬಿದವರಿಗೆ ಅಲ್ಲಿನ ಸರ್ಕಾರ ಬೆಳ್ಳಿ ಬಟ್ಟಲು ಕೊಡುವ ಪದ್ಧತಿ 1963ರಲ್ಲಿ ಶುರುವಾಯಿತು. ಆ ವರ್ಷ ದೇಶಕ್ಕೆಲ್ಲ ಸೇರಿ ನೂರು ದಾಟಿದವರು 153 ಜನ. 2024ಕ್ಕೆ 95 ಸಾವಿರ ದಾಟಿದರು. ಅಷ್ಟು ಜನಕ್ಕೆ ಅಪ್ಪಟ ಬೆಳ್ಳಿ ಎಲ್ಲಿಂದ ತರುವುದು? 2016ರಿಂದ ಬಟ್ಟಲಿಗೆ ಬೆಳ್ಳಿಯ ಲೇಪ ಮಾತ್ರ. ಬಟ್ಟಲು ಹೇಗೇ ಇರಲಿ, ನನ್ನ ಮನಸ್ಸು ನಿಂತದ್ದು ಅವರ ಸ್ನಾನದ ವ್ಯಾನಿನ ಹತ್ತಿರ.

ನಮ್ಮ ಅತ್ತೆಯವರು ಕೊನೆಯ ಎರಡು ವರ್ಷ ಮಲಗಿದಲ್ಲೇ ಇದ್ದರು. ಔಷಧಿ ಕೊಡಬಹುದು, ಗಂಜಿ ಕುಡಿಸಬಹುದು, ಸ್ನಾನ ಮಾಡಿಸುವುದು ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಹಂಡೆ ನೀರು ಕಾದು ಆರಿಹೋಗುತ್ತಿತ್ತು, ಎತ್ತಿ ಹಿಡಿಯುವ ಇನ್ನೊಂದು ಜೋಡಿ ಕೈಗಾಗಿ ಕಾಯುತ್ತಾ. ಬಿಸಿನೀರು ಬೆನ್ನಿಗೆ ಬಿದ್ದಾಗ ಅವರು ಕಣ್ಣು ಮುಚ್ಚಿ "ಹಾ" ಅನ್ನುತ್ತಿದ್ದದ್ದು ಈಗಲೂ ನನ್ನ ಕಿವಿಯಲ್ಲಿದೆ. ಜಪಾನಿನಲ್ಲಿ ಅಂಥವರ ಮನೆಗೆ ತೊಟ್ಟಿಯನ್ನೇ ಹೊತ್ತ ವ್ಯಾನು ಬರುತ್ತದೆ. ಮೂವರು ಇಳಿಯುತ್ತಾರೆ, ಅವರಲ್ಲಿ ಒಬ್ಬರು ನರ್ಸು. ತೊಟ್ಟಿಯನ್ನು ಕೋಣೆಯೊಳಗೇ ಇಟ್ಟು, ಬಿಸಿನೀರು ತುಂಬಿಸಿ, ಮಲಗಿದವರನ್ನು ಎತ್ತಿ ಮೀಯಿಸಿ ಹೋಗುತ್ತಾರೆ.

ಇದು ತಾನಾಗಿ ಬಂದದ್ದಲ್ಲ. ಅಲ್ಲೂ ಮುದುಕರ ಆರೈಕೆ ಎಂದರೆ ಸೊಸೆಯ ತಲೆಗೇ. ಕೆಯಿಕೊ ಹಿಗುಚಿ ಎಂಬ ಹೆಣ್ಣುಮಗಳು 1983ರಲ್ಲಿ ಹೆಂಗಸರ ಒಂದು ಸಂಘ ಕಟ್ಟಿ, ಈ ಭಾರವನ್ನು ಇಡೀ ಸಮಾಜ ಹೊರಬೇಕು ಅಂತ ವರ್ಷಗಟ್ಟಲೆ ಹೇಳಿದರು. 2000ದ ಏಪ್ರಿಲ್‌ನಲ್ಲಿ ಆರೈಕೆಯ ವಿಮೆ ಜಾರಿಗೆ ಬಂತು. ನಲವತ್ತು ತುಂಬಿದವರೆಲ್ಲ ಕಂತು ಕಟ್ಟುತ್ತಾರೆ. ಅದು ಅರ್ಧ, ತೆರಿಗೆಯ ದುಡ್ಡು ಇನ್ನರ್ಧ. ಸಿಗುವುದು ಕೈಗೆ ನಗದಲ್ಲ, ಸೇವೆ: ಸ್ನಾನ, ಊಟ, ಬೆಳಿಗ್ಗೆ ಕರೆದೊಯ್ದು ಸಂಜೆ ಬಿಟ್ಟುಹೋಗುವ ಹಗಲುಮನೆ. ಹೆಚ್ಚಿನವರು ತಮ್ಮ ಪಾಲೆಂದು ಕೊಡುವುದು ನೂರಕ್ಕೆ ಹತ್ತು. ಅಲ್ಲೂ ಈಗ ಕೈಗಳಿಗೇ ಬರ ಬಂದಿದೆ, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಂಗಳಿಂದ ಹುಡುಗಿಯರು ಬಂದು ಮುದುಕರನ್ನು ನೋಡಿಕೊಳ್ಳುತ್ತಿದ್ದಾರೆ. ಆದರೂ ಸೊಸೆಯೊಬ್ಬಳೇ ಹಂಡೆಯ ಮುಂದೆ ನಿಂತಿಲ್ಲ ಎನ್ನುವುದೇ ನನಗೆ ದೊಡ್ಡದು.

ನಮ್ಮ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನ ಬಡ ಹಿರಿಯರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲೂ ಅಷ್ಟೇ ಇತ್ತು, ಈಗಲೂ ಅಷ್ಟೇ. ನಮ್ಮ ಅಜ್ಜಿಗೆ ಬರುವುದು ರಾಜ್ಯದ ಸಂಧ್ಯಾ ಸುರಕ್ಷಾ ದುಡ್ಡು, 1,200 ರೂಪಾಯಿ. ಕಡಿಮೆಯೇ. ಆದರೆ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡ ದಿನ ಅಜ್ಜಿ ಅಂಗಡಿಗೆ ಹೋಗುವ ನಡಿಗೆಯೇ ಬೇರೆ. ಯಾರ ಮುಖವನ್ನೂ ನೋಡದೆ ಎಲೆ ಅಡಿಕೆ ಕೊಂಡು, ಮೊಮ್ಮಗುವಿಗೆ ಬಿಸ್ಕತ್ತು ತೆಗೆದುಕೊಂಡು ಬರುತ್ತಾರೆ.

ಹೆಬ್ಬೆಟ್ಟಿನ ಕಥೆ ಏನಾಯಿತು ಅಂತ ಕೇಳುತ್ತೀರಿ. 2018ರಿಂದ ಅಂಚೆಯವರದೇ ಪೇಮೆಂಟ್ಸ್ ಬ್ಯಾಂಕು ಇದೆ, ಆಧಾರ್ ಜೋಡಿಸಿದ ಖಾತೆಯ ದುಡ್ಡನ್ನು ಪೋಸ್ಟಣ್ಣ ಮನೆಗೇ ತಂದು ಕೊಡುತ್ತಾನೆ. ಹೇಳಿ ಕಳಿಸಿದೆವು, ಬಂದ. ಜಗಲಿಯಲ್ಲಿ ಕೂತು, ಅವಸರ ಮಾಡದೆ, ಅಜ್ಜಿಯ ಒಂದೊಂದೇ ಬೆರಳನ್ನು ಮೆತ್ತಗೆ ಹಿಡಿದು ಆ ಪುಟ್ಟ ಗಾಜಿನ ಮೇಲೆ ಇಡುತ್ತಾ ಹೋದ. ಹೆಬ್ಬೆಟ್ಟು, ತೋರುಬೆರಳು, ನಡುಬೆರಳು, ಉಂಗುರಬೆರಳು. ಕೊನೆಗೆ ಎಡಗೈಯ ಕಿರುಬೆರಳಿಟ್ಟಾಗ ಹಸಿರು ದೀಪ ಹತ್ತಿತು.

ನಿಮ್ಮ ಕೇರಿಯಲ್ಲೂ ಇಂಥ ಅಜ್ಜಿ ಇದ್ದರೆ ಪೋಸ್ಟಾಫೀಸಿಗೆ ಹೋಗಿ ಒಂದು ಮಾತು ಹೇಳಿ ಬನ್ನಿ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಹತ್ತು ಬೆರಳಲ್ಲಿ ಯಾವುದಾದರೂ ಆಗುತ್ತದೆ.