ಹೊಲದ ಬದುವಿನಲ್ಲೊಂದು ಪಾಠಶಾಲೆ



ಒಕ್ಕಲುತನದ ವಿದ್ಯೆಯನ್ನು ನಮ್ಮ ನಾಡಿನಲ್ಲಿ ಹಣ ಕೊಟ್ಟು ಕಲಿತವರಿಲ್ಲ. ಕೂರಿಗೆಯ ಹಿಂದೆ ನಡೆಯುತ್ತ, ಕಣದಲ್ಲಿ ರಾಶಿ ತೂರುತ್ತ, ಮಕ್ಕಳು ಹಿರಿಯರ ಕೈ ನೋಡಿ ಕಲಿತರು. ಇಂದು ಆ ಹಿರಿಯರ ಹಿಂದೆ ನಡೆಯುವ ಮಕ್ಕಳು ವಿರಳರಾಗಿದ್ದಾರೆ. ಪಟ್ಟಣದಲ್ಲಾದರೋ ಮಣ್ಣು ಮುಟ್ಟಬೇಕೆಂದು ಹಂಬಲಿಸುವವರು ಕಾಣಸಿಗುತ್ತಾರೆ. ಈ ಎರಡರ ನಡುವೆ ಹುಟ್ಟಿಕೊಂಡಿರುವುದೇ ಸಣ್ಣ ಹಿಡುವಳಿಗಳಲ್ಲಿ ನಡೆಯುವ ತರಗತಿ ಮತ್ತು ಕಾರ್ಯಾಗಾರಗಳು. ಈ ವಿಷಯ ನಮ್ಮ ಮನೆಯಲ್ಲಿಯೇ ಚರ್ಚೆಗೂ ಕೆಲಕಾಲ ಮನಸ್ತಾಪಕ್ಕೂ ಕಾರಣವಾದುದರಿಂದ ಅದನ್ನು ಕುರಿತು ನಾಲ್ಕು ಮಾತು ಬರೆಯುತ್ತಿದ್ದೇನೆ.

ಧಾರವಾಡ ಸೀಮೆಯ ಕರಿಮಣ್ಣಿನಲ್ಲಿ ನಮ್ಮದು ಮೂರು ಎಕರೆ. ನಾನು ಮಠದ ಪುಸ್ತಕಗಳ ನಡುವೆ ಇರುವವನು. ಹೊಲ ನಡೆಸುವವರು ಅಣ್ಣ ಮತ್ತು ಅತ್ತಿಗೆ. ಮಳೆಯನ್ನೇ ನಂಬಿದ ಹಿಂಗಾರಿ ಜೋಳ, ಕಡಲೆ, ಕುಸುಬೆಗಳಿಂದ ಸಂಸಾರ ಸಾಗದೆ, 2023ರಲ್ಲಿ ಒಂದು ಎಕರೆಯನ್ನು ಲಾವಣಿಗೆ ಹಾಕುವ ಮಾತು ಬಂದಿತು. ಆಗ ಅಣ್ಣ ಬೇರೊಂದು ದಾರಿ ಸೂಚಿಸಿದ. ಪಟ್ಟಣದವರನ್ನು ಹೊಲಕ್ಕೆ ಕರೆದು ಒಂದು ದಿನ ಗೊಬ್ಬರ ಮಾಡುವುದು, ಬೀಜ ಆರಿಸುವುದು, ರೊಟ್ಟಿ ಬಡಿಯುವುದನ್ನು ಕಲಿಸುವುದು. ತಲೆಗೆ 500 ರೂಪಾಯಿ ಪಡೆಯುವುದು.

ಅಪ್ಪನಿಗೆ ಇದು ಸರಿಬೀಳಲಿಲ್ಲ. "ಎಳ್ಳಮಾಸಿ ದಿನ ಚರಗ ಚೆಲ್ಲಿ, ಹಾದಿ ಹೋಗಾವರನ್ನೂ ಕರದು ಉಣಸೋ ಹೊಲ ಇದು. ಇದಕ್ಕ ಟಿಕೀಟು ಇಡ್ತೀಯೇನೋ?" ಎಂದರು. ಅಣ್ಣ ಮೆಲ್ಲಗೆ, "ಎಪ್ಪಾ, ನಾ ಊಟಕ್ಕ ರೊಕ್ಕ ಕೇಳಾಕತ್ತಿಲ್ಲ. ನಮ್ಮ ಒಂದು ದಿನದ ದುಡಿಮಿಗೆ ಕೇಳಾಕತ್ತೇನಿ" ಎಂದ. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಅಪ್ಪನದು ದಾಸೋಹದ ಮಾತು; ಅಣ್ಣನದು ಕಾಯಕದ ಮಾತು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಒಕ್ಕಲಿಗ ಮುದ್ದಣ್ಣನಂಥ ಬೇಸಾಯಗಾರರಿದ್ದರು. ತಮ್ಮ ಕಸುಬಿನ ಮಾತಿನಲ್ಲಿಯೇ ಅನುಭಾವವನ್ನು ನುಡಿದರು. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಕಳಿಸಿದ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಆ ತಾಯಿ ಕಾಯಕದಿಂದ ಬಂದುದನ್ನು ಬೇಡವೆನ್ನಲಿಲ್ಲ, ಮಿಗಿಲಾದುದನ್ನು ಬೇಡವೆಂದಳು. ಆದ್ದರಿಂದ ಕಲಿಸಿದ್ದಕ್ಕೆ ಹಣ ಪಡೆಯಬೇಕೆ ಎಂಬುದಕ್ಕಿಂತ, ಯಾವುದಕ್ಕೆ ಮತ್ತು ಎಷ್ಟು ಎಂಬುದೇ ವಿಚಾರಿಸಬೇಕಾದ ಪ್ರಶ್ನೆ ಎಂದು ನನಗೆ ತೋರಿತು.

ಅಷ್ಟೇ ಮುಖ್ಯವಾದುದು, ಒಂದು ದಿನದಲ್ಲಿ ಏನನ್ನು ಕಲಿಸಬಹುದು ಎಂಬುದು. ಇಂಡೊನೇಷ್ಯಾದಲ್ಲಿ ಅತಿಯಾದ ಕೀಟನಾಶಕ ಸಿಂಪರಣೆಯಿಂದಾಗಿ ಕಂದು ಜಿಗಿಹುಳುವಿನ ಹಾವಳಿ ಮಿತಿಮೀರಿದಾಗ, 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿತು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೆರವಿನಿಂದ ಅಲ್ಲಿ ರೈತ ಕ್ಷೇತ್ರ ಪಾಠಶಾಲೆಗಳು ಆರಂಭವಾದವು. ಸುಮಾರು 25 ರೈತರು ಬೆಳೆಯ ಅವಧಿಯುದ್ದಕ್ಕೂ ವಾರಕ್ಕೊಮ್ಮೆ ಗದ್ದೆಗಿಳಿದು, ಪೈರನ್ನೂ ಹಾನಿ ಮಾಡುವ ಹುಳುಗಳನ್ನೂ ಅವುಗಳನ್ನು ತಿನ್ನುವ ಜೇಡಗಳನ್ನೂ ಕಣ್ಣಾರೆ ಕಂಡು, ಹಾಳೆಯ ಮೇಲೆ ಚಿತ್ರಿಸಿ, ಮುಂದೇನು ಮಾಡಬೇಕೆಂದು ತಾವೇ ನಿರ್ಧರಿಸುತ್ತಿದ್ದರು. ಅಲ್ಲಿ ಉಪನ್ಯಾಸಕ್ಕಿಂತ ಹೊಲವೇ ಗುರು. ಬೇಸಾಯದ ಬಹುಭಾಗವನ್ನು ಕಾಲವೇ ಕಲಿಸಬೇಕೆಂಬುದು ಇದರಿಂದ ಮನದಟ್ಟಾಗುತ್ತದೆ.

ಜೀವಾಮೃತವನ್ನೇ ನೋಡಿರಿ. ಸುಭಾಷ್ ಪಾಳೇಕರ್ ಅವರು ಪ್ರಚುರಪಡಿಸಿದ ವಿಧಾನದಂತೆ ಒಂದು ಎಕರೆಗೆ 200 ಲೀಟರ್ ನೀರಿಗೆ 10 ಕಿಲೋ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಸೇರಿಸಿ ನೆರಳಿನಲ್ಲಿಟ್ಟು ದಿನವೂ ಕದಡಬೇಕು. ಕಲಸುವುದಕ್ಕೆ ಅರ್ಧ ತಾಸು ಸಾಕು. ಹುಳಿಯುವುದಕ್ಕೆ ಎರಡು ದಿನ ಬೇಕು. ಆದ್ದರಿಂದ ಅಣ್ಣ ಎರಡು ದಿನ ಮೊದಲೇ ಒಂದು ಪೀಪಾಯಿ ಸಿದ್ಧಮಾಡಿಡುತ್ತಾನೆ. ಬಂದವರು ಹೊಸದನ್ನು ಕಲಸುತ್ತಾರೆ, ಹುಳಿತದ್ದನ್ನು ಮೂಸಿ ನೋಡಿ ಹೊಲಕ್ಕೆ ಹಾಕುತ್ತಾರೆ. ಕಲಿಕೆ ಪೂರ್ಣವಾಗುವುದು ಹೀಗೆ.

ಒಂದು ತಂಡಕ್ಕೆ ಹದಿನೈದು ಜನ ಎಂದು ಗೊತ್ತುಮಾಡಿದೆವು. ಹೆಚ್ಚಾದರೆ ಹಿಂದೆ ನಿಂತವರಿಗೆ ಕೈಕೆಲಸ ಸಿಗದು. ಬಾವಿಗೆ ಕಟ್ಟೆ ಕಟ್ಟಿಸಿದೆವು. ಶೌಚಾಲಯ, ಕುಡಿಯುವ ನೀರು, ಕೂಡಲು ಬೇವಿನ ನೆರಳು ಮೊದಲು ಆಗಬೇಕು, ಆಮೇಲೆ ಪಾಠ. ಎತ್ತುಗಳನ್ನು ದೂರ ಕಟ್ಟಬೇಕು. ಬಿತ್ತನೆಯ ವಾರದಲ್ಲಿ ಯಾರನ್ನೂ ಕರೆಯಬಾರದು. ಹದ ತಪ್ಪಿದರೆ ವರ್ಷದ ಬೆಳೆಯೇ ತಪ್ಪುತ್ತದೆ.

ಮೊದಲ ಕಾರ್ಯಾಗಾರದ ಲೆಕ್ಕವನ್ನು ನಾನೇ ಬರೆದೆ. ಬಂದದ್ದು 7,500 ರೂಪಾಯಿ. ಊಟ, ಸಾಮಗ್ರಿ, ಸಹಾಯಕ್ಕೆ ಬಂದವರ ಪಗಾರ ಸೇರಿ ಖರ್ಚು 3,500. ಉಳಿದ 4,000 ರೂಪಾಯಿಯು ಅಣ್ಣ-ಅತ್ತಿಗೆಯರು ಸಿದ್ಧತೆ, ಪಾಠ, ಸ್ವಚ್ಛತೆಗೆಂದು ತಲಾ ಮೂರು ದಿನ ದುಡಿದುದರ ಫಲ. ಇದನ್ನು ಲಾಭವೆನ್ನಲಾಗದು, ಕೂಲಿ ಎನ್ನಬಹುದು. ಲೆಕ್ಕವನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು ಏನನ್ನೂ ನುಡಿಯಲಿಲ್ಲ. ನಾಲ್ಕು ದಿನ ಕಳೆದ ಮೇಲೆ, "ಬೀಜದ ದಿನ ಮಾತ್ರ ರೊಕ್ಕ ಮುಟ್ಟಬ್ಯಾಡ್ರಿ. ಅದನ್ನ ನಾ ಕಲಸ್ತೇನಿ" ಎಂದರು.

ಹಾಗೆ 2024ರ ಜನವರಿಯಲ್ಲಿ, ಜೋಳ ಬಲಿತು ನಿಂತಿದ್ದಾಗ, ಅಪ್ಪ ಹದಿನೈದು ಜನರನ್ನು ಹೊಲದೊಳಗೆ ಕರೆದೊಯ್ದರು. ಬದುವಿನ ಅಂಚಿನ ತೆನೆ ಬಿಟ್ಟು ಒಳಗಿನದನ್ನೇ ನೋಡಬೇಕು. ರೋಗ ತಾಗದ, ಕಾಳು ತುಂಬಿದ ತೆನೆಗೆ ದಾರ ಕಟ್ಟಬೇಕು. ಚೆನ್ನಾಗಿ ಒಣಗಿಸಿ ಬೂದಿ, ಬೇವಿನ ಎಲೆಯೊಡನೆ ಮಡಕೆಯಲ್ಲಿಡಬೇಕು. ಬಿತ್ತುವ ಮುನ್ನ 100 ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ನಾಲ್ಕೈದು ದಿನಗಳಲ್ಲಿ ಎಷ್ಟು ಮೊಳೆತವೆಂದು ಎಣಿಸಬೇಕು. ಎಪ್ಪತ್ತು ವರ್ಷ ದಾಟಿದ ಅಪ್ಪ ಇದನ್ನು ನಮಗೂ ಇಷ್ಟು ಬಿಡಿಸಿ ಹೇಳಿರಲಿಲ್ಲ; ಕೇಳುವವರು ಬಂದ ಮೇಲೆ ಹೇಳಿದರು. ಅಂದು ಹನ್ನೊಂದು ಜನ ಒಂದೊಂದು ಸೇರು ಬೀಜ ಒಯ್ದರು. ಬೆಳೆ ಬಂದರೆ ಎರಡು ಸೇರು ಹಿಂದಿರುಗಿಸಬೇಕೆಂಬುದೊಂದೇ ಕರಾರು. ಮರುವರ್ಷ ಏಳು ಜನ ತಂದುಕೊಟ್ಟರು.

ಲಾವಣಿಯ ಮಾತು ಸದ್ಯಕ್ಕೆ ನಿಂತಿದೆ. ಮಳೆ ಕೈಕೊಟ್ಟರೆ ಮತ್ತೆ ಬರಬಹುದು. ಕಾರ್ಯಾಗಾರದ ಕೂಲಿ ಬೆಳೆಗೆ ಆಸರೆಯಾದೀತೇ ಹೊರತು ಬೆಳೆಯ ಬದಲಿಗೆ ನಿಲ್ಲಲಾರದು. ಉಳಿದ ಕಾರ್ಯಾಗಾರಗಳನ್ನು ಅಪ್ಪ ಈಗಲೂ "ಟಿಕೀಟಿನ ದಿನ" ಎಂದೇ ಕರೆಯುತ್ತಾರೆ. ಆದರೆ ಆ ದಿನವೂ ಬೇವಿನ ಕೆಳಗೆ ಬಂದು ಕೂಡುತ್ತಾರೆ.

ಪಟ್ಟಣದ ಸಮೀಪ ಒಂದೆರಡು ಎಕರೆ ಇರುವ ಭಕ್ತರು ಈ ಕಾರ್ಯಕ್ಕೆ ಮುಂದಾಗುವುದಾದರೆ, ಮೊದಲು ಮನೆಯ ಹಿರಿಯರನ್ನು ಕೇಳಿರಿ. ಅವರು ಯಾವುದನ್ನು ಮಾರಬಾರದೆನ್ನುತ್ತಾರೋ ಅದನ್ನು ಹಾಗೆಯೇ ಹಂಚಿರಿ. ಉಳಿದುದಕ್ಕೆ ದುಡಿಮೆಯಷ್ಟನ್ನು ಸಂಕೋಚವಿಲ್ಲದೆ ಪಡೆಯಿರಿ.