ಮಾತಾಡಬಲ್ಲ ಚಿಪ್ಪು

ಪ್ರಿಯ ಗೆಳತಿ,

ಫೋನಿನಲ್ಲಿ ಎಂಟು ಕೋರ್‌ಗಳಿದ್ದರೂ ಕೆಲಸ ಎಂಟು ಪಟ್ಟು ಬೇಗ ಯಾಕೆ ಮುಗಿಯುವುದಿಲ್ಲ ಎಂದು ಕೇಳಿದ್ದೀಯ. ಎಲ್ಲ ಕೆಲಸವನ್ನೂ ಹಂಚಿಕೊಳ್ಳಲು ಬರುವುದಿಲ್ಲ, ಅದೊಂದು ಕಾರಣ. ಇನ್ನೊಂದು, ಕೋರ್‌ಗಳೆಲ್ಲ ಒಂದೇ ಮೆಮೊರಿಗಾಗಿ ಕಾಯಬೇಕು, ವಠಾರದ ಒಂದೇ ನಲ್ಲಿಯ ಮುಂದೆ ಎಲ್ಲ ಮನೆಯ ಕೊಡಗಳೂ ಸಾಲುಗಟ್ಟಿದ ಹಾಗೆ. ಈ ತೊಡಕಿಗೆ ನಾನು ಕಂಡ ಅತಿ ಚೆಂದದ ಉತ್ತರ ಹಳೆಯದು: ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಇನ್ಮಾಸ್ ಕಂಪನಿ ರೂಪಿಸಿದ ಟ್ರಾನ್ಸ್‌ಪ್ಯೂಟರ್.

ಬ್ರಿಟಿಷ್ ಸರ್ಕಾರದ ಹಣದಿಂದ 1978ರಲ್ಲಿ ಶುರುವಾದ ಕಂಪನಿಯದು. 1985ರಲ್ಲಿ ಬಂದ ಟಿ414 ಚಿಪ್ಪಿನೊಳಗೆ ಪ್ರೊಸೆಸರ್ ಇತ್ತು, ತನ್ನದೇ ಆದ 2 ಕಿಲೋಬೈಟ್ ಮೆಮೊರಿ ಇತ್ತು, ಜೊತೆಗೆ ಅಕ್ಕಪಕ್ಕದ ಚಿಪ್ಪುಗಳೊಡನೆ ಮಾತಾಡಲು 4 ಲಿಂಕ್‌ಗಳಿದ್ದವು. ನನ್ನ ಮನಸ್ಸು ಗೆದ್ದದ್ದು ಈ ಲಿಂಕ್‌ಗಳೇ. ಒಂದು ಚಿಪ್ಪು ಒಂದು ಬೈಟ್ ಕಳಿಸುತ್ತದೆ. ಆ ಕಡೆಯಿಂದ ಎರಡು ಬಿಟ್‌ಗಳ ಒಪ್ಪಿಗೆ ಬಂದ ಮೇಲೆಯೇ ಮುಂದಿನ ಬೈಟ್. ಹೊರಗಿನಿಂದ ಬೇಕಾದದ್ದು 5 ಮೆಗಾಹರ್ಟ್ಸ್‌ನ ಸಾಧಾರಣ ಕ್ಲಾಕ್ ಅಷ್ಟೆ. ಒಳಗಿನ ವೇಗ ಬೇರೆಬೇರೆಯಾಗಿದ್ದ ಚಿಪ್ಪುಗಳನ್ನೂ ನೇರವಾಗಿ ಜೋಡಿಸಬಹುದಿತ್ತು.

ಇದಕ್ಕೆ ಜೋಡಿಯಾಗಿ ಇನ್ಮಾಸ್‌ನ ಡೇವಿಡ್ ಮೇ, ಆಕಮ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದರು, ಪ್ರಕ್ರಿಯೆಗಳ ಸಂದೇಶ ವಿನಿಮಯದ ಬಗ್ಗೆ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ರೂಪಿಸಿದ ಸಿದ್ಧಾಂತದ ಮೇಲೆ. ಪ್ರಕ್ರಿಯೆಗಳ ನಡುವಿನ ದಾರಿಗೆ ಚಾನೆಲ್ ಎಂದು ಹೆಸರು; ಅದರಲ್ಲಿ ಕಳಿಸಲು ‘!’, ಪಡೆಯಲು ‘?’. ಇಬ್ಬರೂ ಸಿದ್ಧರಾದಾಗಲೇ ಕೊಡುಕೊಳ್ಳುವಿಕೆ. ಎರಡು ಪ್ರಕ್ರಿಯೆಗಳು ಒಂದೇ ಚಿಪ್ಪಿನಲ್ಲಿದ್ದರೂ ಬೇರೆಬೇರೆ ಚಿಪ್ಪುಗಳಲ್ಲಿದ್ದರೂ ಬರೆಯುವುದು ಅದನ್ನೇ. ಒಂದು ಚಿಪ್ಪಿನಲ್ಲಿ ಪರೀಕ್ಷಿಸಿದ ಪ್ರೋಗ್ರಾಂನ ತರ್ಕ ಮುಟ್ಟದೆ, ಅದನ್ನು ಹಲವು ಚಿಪ್ಪುಗಳಿಗೆ ಹಂಚಬಹುದಿತ್ತು! ಲೆಕ್ಕ ಮಾಡುವುದಕ್ಕೆ ಕೊಟ್ಟಷ್ಟೇ ಮರ್ಯಾದೆಯನ್ನು ಮಾತಾಡುವುದಕ್ಕೂ ಕೊಟ್ಟ ವಿನ್ಯಾಸ ಇದು. ಪ್ಯಾರಲಲ್ ಕಂಪ್ಯೂಟರ್ ಹೀಗೇ ಹುಟ್ಟಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ನಮ್ಮ ದೇಶಕ್ಕೂ ಇದರ ಋಣವಿದೆ. ಅಮೆರಿಕದಿಂದ ಸೂಪರ್‌ಕಂಪ್ಯೂಟರ್ ಸಿಗುವುದು ಕಷ್ಟವಾದ ಕಾಲದಲ್ಲಿ ಪುಣೆಯ ಸಿ-ಡ್ಯಾಕ್, ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ, 1991ರಲ್ಲಿ ಪರಮ್ 8000 ಕಟ್ಟಿತು. ಅದರೊಳಗೆ ದುಡಿದದ್ದು ಇನ್ಮಾಸ್‌ನ ಟಿ800 ಟ್ರಾನ್ಸ್‌ಪ್ಯೂಟರ್‌ಗಳೇ. ಭಿನ್ನಸಂಖ್ಯೆಗಳ ಲೆಕ್ಕದ (ಫ್ಲೋಟಿಂಗ್ ಪಾಯಿಂಟ್) ಘಟಕವೂ ಅದೇ ಚಿಪ್ಪಿನಲ್ಲಿತ್ತು.

ಮುಂದಿನ ಟಿ9000 ತಡವಾಯಿತು. ಅಷ್ಟರಲ್ಲಿ ಮಾಮೂಲಿ ಪ್ರೊಸೆಸರ್‌ಗಳೇ ಮುಂದೆ ಓಡಿಬಿಟ್ಟವು. ಮೇ ಮಾತ್ರ ಹಿಡಿದ ದಾರಿ ಬಿಡಲಿಲ್ಲ. 2005ರಲ್ಲಿ ಅದೇ ಬ್ರಿಸ್ಟಲ್‌ನಲ್ಲಿ ಎಕ್ಸ್‌ಮಾಸ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದರು.

ನಿನ್ನ ಮಗ ಪ್ಯಾರಲಲ್ ಪ್ರೋಗ್ರಾಮಿಂಗ್ ಕಲಿಯಬೇಕು ಅನ್ನುತ್ತಿದ್ದಾನಲ್ಲ, ಹಂಚಿಕೊಂಡ ಮೆಮೊರಿಗೆ ಬೀಗ ಹಾಕುವ ಲಾಕ್‌ಗಳ ಪಾಠಕ್ಕೆ ಮೊದಲು ಚಾನೆಲ್‌ಗಳನ್ನು ಕಲಿಯಲು ಹೇಳು. ಗೋ ಭಾಷೆಯಲ್ಲಿ ಅವು ಈಗಲೂ ಸಿಗುತ್ತವೆ, ಹೋರ್ ಅವರ ಅದೇ ಸಿದ್ಧಾಂತದಿಂದ ಬಂದಂಥವು.

ಪ್ರೀತಿಯಿಂದ,
ನಿನ್ನ ಗೆಳೆಯ