ಟೋಕಿಯೋದಲ್ಲಿ ತಾಯ್ನಾಡಿನ ತುತ್ತು

ಡಿಸೆಂಬರ್ ತಿಂಗಳ ಚಳಿ. ಟೋಕಿಯೋ ನಗರದಲ್ಲಿ ಬಿಡಾರ ಹೂಡಿದ ಅಮೆರಿಕನ್ನನಿಗೆ ಊರಿನ ನೆನಪು ಕಾಡುವ ಕಾಲ. ಕ್ರಿಸ್‌ಮಸ್ ಅಲ್ಲಿ ಸರಕಾರಿ ರಜೆಯಲ್ಲ. ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು. ಮನೆಯ ಹಬ್ಬದೂಟದ ಟರ್ಕಿ ಕೋಳಿ ಸುಲಭವಾಗಿ ದೊರೆಯದು. ಕೆಂಟಕಿಯ ಕರಿದ ಕೋಳಿಯಾದರೂ ಆದೀತೆಂದು ಆತ ಬೀದಿಗಿಳಿಯುತ್ತಾನೆ. ತಾಯ್ನಾಡಿನಲ್ಲಿ ಅದು, ಅಡುಗೆಗೆ ಬೇಸರವಾದ ಸಂಜೆ ಕೊಂಡು ತರುವ ತಿನಿಸು.

ಇಲ್ಲಿ ಕಾಣುವುದೇನು? ಅಂಗಡಿಯ ಬಾಗಿಲಲ್ಲಿ ಕರ್ನಲ್ ಸ್ಯಾಂಡರ್ಸನ ಆಳೆತ್ತರದ ಬೊಂಬೆ, ಅದಕ್ಕೆ ಸಾಂತಾಕ್ಲಾಸನ ಕೆಂಪಂಗಿ. ಎದುರಿಗೆ ಬೀದಿಯ ತಿರುವಿನವರೆಗೆ ಜನರ ಸಾಲು. ಎಷ್ಟೋ ಮಂದಿ ವಾರಗಳ ಮೊದಲೇ ಹೆಸರು ಬರೆಸಿದವರು! 1970ರಲ್ಲಿ ಜಪಾನಿಗೆ ಬಂದ ಈ ಸಂಸ್ಥೆ, 1974ರಲ್ಲಿ ಕ್ರಿಸ್‌ಮಸ್ಸಿಗೆ ಕೆಂಟಕಿಯ ಕೋಳಿಯೇ ಆಗಬೇಕೆಂದು ನಾಡೆಲ್ಲ ಸಾರಿತು. ವ್ಯಾಪಾರದ ಆ ಸಾರೋಣವೇ ಕಾಲಕ್ರಮದಲ್ಲಿ ಸಂಪ್ರದಾಯವಾಗಿ ಬೆಳೆಯಿತು.

ಕೊನೆಗೂ ಪೊಟ್ಟಣ ಕೈಸೇರುತ್ತದೆ. ರುಚಿ ಪರಿಚಿತವೇ, ಹಬ್ಬ ಮಾತ್ರ ಅಪರಿಚಿತ. ತನ್ನೂರ ತಿನಿಸಿಗೇ ಆತ ಅಲ್ಲಿ ಅತಿಥಿ. ಆದರೇನು, ಒಂಟಿಯಾಗಿ ಉಣ್ಣಬೇಕಾಗಿದ್ದ ಆ ಸಂಜೆ, ಅದೇ ತುತ್ತನ್ನು ನೆರೆಹೊರೆಯ ಮನೆಗಳಲ್ಲೂ ಸಡಗರದಿಂದ ಉಣ್ಣುತ್ತಿರುತ್ತಾರೆ.